ಪೇಟೆ-ಮನೆ: ಗುರಿಯ ಆಟಕ್ಕೆ ಇಷ್ಟು ದೊಡ್ಡ ಪಿಸ್ತೂಲು ಬೇಕೆ?



ಈ ಅಂಕಣಕ್ಕೆ ಬರುವ ಪತ್ರಗಳು ಹೆಚ್ಚಾಗಿ ಅಂಗಡಿ, ಆಸ್ತಿಯ ಪಾಲು, ಮಕ್ಕಳ ಲಗ್ನ ಸಂಬಂಧ ಇಂಥವುಗಳ ಬಗೆಗೇ ಇರುತ್ತವೆ. ಈ ಸಲ ಬಂದ ಪತ್ರವೊಂದು ಬೇರೆ ತರಹದ್ದು. ಅಡತಿ ವ್ಯಾಪಾರದಲ್ಲಿರುವ ಬಂಧುಗಳೊಬ್ಬರು ಬರೆದಿದ್ದಾರೆ. ಅವರ ಚಿರಂಜೀವಿ ಅಮೆರಿಕೆಯ ಟೆಕ್ಸಸ್ ರಾಜ್ಯದಲ್ಲಿ ಎಚ್-1ಬಿ ವೀಸಾದ ಮೇಲೆ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಜೊತೆಗೆ ಕೆಲಸ ಮಾಡುವವರು ರಜಾದಿನ ಗುರಿ ಹೊಡೆಯುವ ಜಾಗಕ್ಕೆ ಹೋಗುತ್ತಾರೆ. ಅದಕ್ಕೆ ಅಲ್ಲಿ ‘ರೇಂಜ್’ ಎನ್ನುತ್ತಾರೆ. ಇವನೂ ಹೋಗಿ ನೋಡಿ ಬಂದಿದ್ದಾನೆ. ಈಗ ‘ಡೆಸರ್ಟ್ ಈಗಲ್’ ಎಂಬ ದೊಡ್ಡ ಮ್ಯಾಗ್ನಂ ಪಿಸ್ತೂಲು ಕೊಳ್ಳಬೇಕೆಂದು ಮನಸ್ಸು ಮಾಡಿದ್ದಾನೆ. ತಂದೆ ಬೇಡವೆಂದರೆ, “ಪ್ರಾಣಿಯನ್ನು ಹೊಡೆಯುವುದಿಲ್ಲ, ಮನುಷ್ಯರ ತಂಟೆಯಿಲ್ಲ. ಬರೇ ಕಾಗದಕ್ಕೆ ಹೊಡೆಯುತ್ತೇನೆ. ಇದರಲ್ಲಿ ಹಿಂಸೆ ಎಲ್ಲಿ ಬಂತು, ಅಪ್ಪಾ?” ಎಂದು ಕೇಳಿದ್ದಾನೆ. ತಂದೆಗೆ ಉತ್ತರ ಹೊಳೆದಿಲ್ಲ. ಆ ಪ್ರಶ್ನೆಯನ್ನು ನಮಗೆ ಕಳಿಸಿದ್ದಾರೆ.

ಪ್ರಶ್ನೆ ನಮ್ಮ ಊರಿನದಲ್ಲವೆಂದು ಬದಿಗಿಡುವಂತಿಲ್ಲ. ಇಂದು ನಮ್ಮ ಸಮಾಜದಲ್ಲಿ ಮಗನೋ ಮಗಳೋ ಅಳಿಯನೋ ಪರದೇಶದಲ್ಲಿಲ್ಲದ ಮನೆಗಳು ಕಡಿಮೆ. ಅಲ್ಲಿಯ ಪೇಟೆಯಲ್ಲಿ ಏನು ಸಿಗುತ್ತದೆಯೋ ಅದರ ಆಸೆ ನಮ್ಮ ಮಕ್ಕಳಿಗೂ ಹುಟ್ಟುತ್ತದೆ. “ಬೇಡ ಅಂದರೆ ಬೇಡ” ಎಂಬ ಮಾತು ಫೋನಿನಲ್ಲಿ ಹೇಳಲು ಸುಲಭ, ನಡೆಯುವುದು ಕಷ್ಟ. ಹುಡುಗ ನ್ಯಾಯವಾದ ಪ್ರಶ್ನೆಯನ್ನೇ ಕೇಳಿದ್ದಾನೆ. ವ್ಯಾಪಾರಿಗಳಾದ ನಾವು ಯಾವ ಮಾಲನ್ನೂ ತೂಗದೆ ಕೊಳ್ಳುವುದಿಲ್ಲ, ತೂಗದೆ ತಿರಸ್ಕರಿಸುವುದೂ ಇಲ್ಲ. ಇದನ್ನೂ ತಕ್ಕಡಿಗೆ ಹಾಕೋಣ.

ಮೊದಲು ಮಾಲು ಯಾವುದೆಂದು ನೋಡೋಣ. ಅಮೆರಿಕೆಯ ಮಿನೆಸೋಟಾ ರಾಜ್ಯದಲ್ಲಿ 1979ರಲ್ಲಿ ಹುಟ್ಟಿದ ಮ್ಯಾಗ್ನಂ ರಿಸರ್ಚ್ ಎಂಬ ಕಂಪನಿ, ಇಸ್ರೇಲಿನ ಸರಕಾರಿ ಶಸ್ತ್ರ ಕಾರ್ಖಾನೆಯ ಜೊತೆಗೂಡಿ ಈ ಪಿಸ್ತೂಲನ್ನು 1980ರ ದಶಕದಲ್ಲಿ ಪೇಟೆಗೆ ತಂದಿತು. 2010ರಿಂದ ಕಂಪನಿ ಕಾರ್ ಆರ್ಮ್ಸ್ ಎಂಬವರ ಕೈಯಲ್ಲಿದೆ. ಅರೆ ಸ್ವಯಂಚಾಲಿತ, ಅಂದರೆ ಟ್ರಿಗರ್ ಒಂದು ಸಲ ಒತ್ತಿದರೆ ಒಂದು ಗುಂಡು ಹಾರಿ, ಮುಂದಿನ ಕಾಡತೂಸು ತಾನಾಗಿಯೇ ಒಳಗೆ ಬಂದು ಕೂಡುತ್ತದೆ. ‘ಮ್ಯಾಗ್ನಂ’ ಎಂದರೆ ಸಾಮಾನ್ಯಕ್ಕಿಂತ ಹೆಚ್ಚು ಬಲದ ಕಾಡತೂಸು. ಇದರಲ್ಲಿ ಮುಖ್ಯವಾಗಿ .357 ಮ್ಯಾಗ್ನಂ, .44 ಮ್ಯಾಗ್ನಂ ಮತ್ತು ಎಲ್ಲಕ್ಕೂ ದೊಡ್ಡದಾದ .50 ಆಕ್ಷನ್ ಎಕ್ಸ್‌ಪ್ರೆಸ್ ಎಂಬ ಮೂರು ಅಳತೆಗಳಿವೆ. ಹುಡುಗನ ಕಣ್ಣಿರುವುದು ಈ ಕೊನೆಯದರ ಮೇಲೆ. ಅದರ ಗುಂಡು ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್ ದಪ್ಪ. ಒಮ್ಮೆಗೆ 7 ಕಾಡತೂಸು ಹಿಡಿಸುತ್ತದೆ. ಪಿಸ್ತೂಲಿನ ಉದ್ದ ಸುಮಾರು 27 ಸೆಂಟಿಮೀಟರ್, ತೂಕ ಸುಮಾರು 2 ಕಿಲೋ. ಎರಡು ಕಿಲೋ ಬೆಲ್ಲದ ಪೆಂಟೆಯನ್ನು ಕೈ ಚಾಚಿ ಅಲುಗಾಡದೆ ಹಿಡಿದು ನೋಡಿದರೆ ಅಂದಾಜು ಸಿಕ್ಕೀತು.

ಮಾಲಿನ ಗುಣವನ್ನೂ ಹೇಳಬೇಕು. ಗುಣ ಮುಚ್ಚಿಟ್ಟು ದೋಷ ಹೇಳುವುದು ಪೇಟೆಯ ಧರ್ಮವಲ್ಲ. ಇದು ನಿಷ್ಠೆಯಿಂದ ಮಾಡಿದ ಯಂತ್ರ. ಸಾಮಾನ್ಯ ಪಿಸ್ತೂಲುಗಳಲ್ಲಿಲ್ಲದ ಒಂದು ಏರ್ಪಾಡು ಇದರಲ್ಲಿದೆ. ಮದ್ದು ಸುಟ್ಟು ಹುಟ್ಟುವ ಅನಿಲದ ಒಂದು ಪಾಲನ್ನೇ ಬಳಸಿ, ಸೈನಿಕರ ರೈಫಲಿನಂತೆ, ಇದು ಮುಂದಿನ ಕಾಡತೂಸನ್ನು ಏರಿಸುತ್ತದೆ. ಅದರಿಂದಲೂ ತನ್ನ ತೂಕದಿಂದಲೂ, ಇಷ್ಟು ಬಲದ ಗುಂಡಿಗೆ ಬರಬೇಕಾದ ಹಿಂದೇಟು ಒಂದಿಷ್ಟು ತಗ್ಗುತ್ತದೆ. ನಳಿಗೆ ಮತ್ತು ಕಾಡತೂಸಿನ ಡಬ್ಬಿ ಬದಲಿಸಿದರೆ .50ರ ಪಿಸ್ತೂಲೇ .44 ಆಗುತ್ತದೆ. ಆದರೆ ಅನಿಲದ ಸಣ್ಣ ರಂಧ್ರ ಕಟ್ಟಿಕೊಳ್ಳುವುದರಿಂದ, ತಾಮ್ರದ ಹೊದಿಕೆಯಿಲ್ಲದ ಬರೇ ಸೀಸದ ಅಗ್ಗದ ಗುಂಡು ಇದಕ್ಕೆ ಒಗ್ಗದು. ಮಣಿಕಟ್ಟು ಬಿಗಿಯಾಗಿ ಹಿಡಿಯದಿದ್ದರೆ ನಡುವೆ ಸಿಕ್ಕಿಕೊಳ್ಳುತ್ತದೆ. ಗುಂಡಿನ ಬಲ ಸಾಮಾನ್ಯ 9 ಮಿಲಿಮೀಟರ್ ಪಿಸ್ತೂಲಿನ ನಾಲ್ಕು ಪಟ್ಟಿನ ಆಸುಪಾಸು. ಇಷ್ಟಿದ್ದರೂ ಯಾವ ದೊಡ್ಡ ದೇಶದ ಸೈನ್ಯವೂ ಇದನ್ನು ತನ್ನ ಸಿಪಾಯಿಗಳ ಸಾಮಾನ್ಯ ಪಿಸ್ತೂಲಾಗಿ ಇಟ್ಟುಕೊಂಡಿಲ್ಲ. ಇದಕ್ಕೆ ಹೆಸರು ತಂದದ್ದು ಸಿನೆಮಾ ಮತ್ತು ಕಂಪ್ಯೂಟರಿನ ಆಟಗಳು.

ಇನ್ನು ದರ. ಪಿಸ್ತೂಲಿನ ಬೆಲೆ ಅಲ್ಲಿ ಸುಮಾರು 2000 ಡಾಲರ್. ಇದು ಒಂದು ಸಲದ ಖರ್ಚು. ನಿಜವಾದ ಖರ್ಚು ಕಾಡತೂಸಿನದು. ದರ ಏರಿಳಿಯುತ್ತದೆ, ಆದರೂ ಈ .50ರ ಒಂದು ಕಾಡತೂಸಿಗೆ 2 ಡಾಲರ್ ಹಿಡಿಯುವುದು ತಪ್ಪಾಗದು. ಗುರಿ ಕಲಿಯುವವನು ಒಂದು ಸಲ ಹೋದರೆ 50 ಗುಂಡಾದರೂ ಹೊಡೆಯಬೇಕು. ಅಲ್ಲಿಗೆ 100 ಡಾಲರ್. ತಿಂಗಳಿಗೆ ಎರಡು ಸಲ ಹೋದರೆ ವರ್ಷಕ್ಕೆ 2400 ಡಾಲರ್. ವರ್ಷ ತುಂಬುವುದರೊಳಗೆ ಕಾಡತೂಸಿನ ಖರ್ಚು ಪಿಸ್ತೂಲಿನ ಬೆಲೆಯನ್ನು ದಾಟಿತು. ಅದೇ .22ರ ಸಣ್ಣ ಕಾಡತೂಸು ಸುಮಾರು 10 ಸೆಂಟಿಗೆ ಬರುತ್ತದೆ. ಅಷ್ಟೇ ಸಲ ಹೋಗಿ ಅಷ್ಟೇ ಗುಂಡು ಹೊಡೆದರೆ ವರ್ಷಕ್ಕೆ 120 ಡಾಲರ್. ಖರ್ಚಿಗೆ ಹೆದರಿ ದೊಡ್ಡ ಪಿಸ್ತೂಲಿನವನು ವರ್ಷಕ್ಕೆ ಎರಡು ಸಲ ಹೊಡೆದು ಕಪಾಟಿನಲ್ಲಿಡುತ್ತಾನೆ. ಅಲ್ಲಿಗೆ ಅದು ಆಟದ ಸಾಮಾನಾಗಿ ಉಳಿಯದೆ ಷೋಕಿಯ ಸಾಮಾನಾಯಿತು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

“ದೊಡ್ಡದಾದರೆ ಗುರಿ ಚೆನ್ನಾಗಿ ಕೂಡಬಹುದಲ್ಲ” ಎಂದು ಯಾರಾದರೂ ಕೇಳಬಹುದು. ಲೋಕದ ದೊಡ್ಡ ಗುರಿಕಾರರು ಏನನ್ನು ಹಿಡಿಯುತ್ತಾರೆಂದು ನೋಡೋಣ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ತಂದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅದರ ಗುಳಿಗೆ 4.5 ಮಿಲಿಮೀಟರ್. ಅದೇ ಕೂಟದಲ್ಲಿ ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ರೈಫಲಿನಲ್ಲಿ. ಅದರ ಗುಂಡು 5.6 ಮಿಲಿಮೀಟರ್, ಅಂದರೆ ಮೇಲೆ ಹೇಳಿದ .22. ವಿಜಯ ಕುಮಾರ್ 2012ರ ಲಂಡನ್ನಿನಲ್ಲಿ ಬೆಳ್ಳಿ ಗೆದ್ದ 25 ಮೀಟರ್ ಪಿಸ್ತೂಲೂ .22ರದೇ. 12.7 ಮಿಲಿಮೀಟರಿನ ಪಿಸ್ತೂಲಿಗೆ ಒಲಿಂಪಿಕ್ಸಿನಲ್ಲಿ ಜಾಗವೇ ಇಲ್ಲ. ಇನ್ನೊಂದು ಲೆಕ್ಕ ಕೇಳಿರಿ: ಏರ್ ಪಿಸ್ತೂಲಿನ ಗುರಿಹಾಳೆಯಲ್ಲಿ ಹತ್ತು ಅಂಕದ ವರ್ತುಲದ ಅಗಲ 11.5 ಮಿಲಿಮೀಟರ್. ನಮ್ಮ ಹುಡುಗನಿಗೆ ಬೇಕಾದ ಗುಂಡು ಆ ವರ್ತುಲಕ್ಕಿಂತಲೇ ದಪ್ಪ! ಗುರಿಯ ವಿದ್ಯೆ ಇರುವುದು ಶ್ವಾಸ ತಡೆದು, ಕೈ ನಿಲ್ಲಿಸಿ, ಮನಸ್ಸನ್ನು ಒಂದು ಬಿಂದುವಿನಲ್ಲಿಡುವುದರಲ್ಲಿ. ಸಾಮಾಯಿಕಕ್ಕೆ ಕೂತು ಅಭ್ಯಾಸವಿದ್ದವರಿಗೆ ಇದರ ಕಷ್ಟ ತಿಳಿದೀತು. ದೊಡ್ಡ ಸಪ್ಪಳ, ದೊಡ್ಡ ಹಿಂದೇಟು ಈ ವಿದ್ಯೆಯನ್ನು ಕೆಡಿಸುತ್ತವೆ. ಗುಂಡು ಹಾರುವ ಮೊದಲೇ ಕಲಿಯುವವನ ಕೈ ಬೆದರಿ ಅಲುಗುತ್ತದೆ, ಆ ಚಾಳಿ ಬಿಡಿಸುವುದು ಕಠಿಣ.

ಎಲ್ಲಕ್ಕೂ ಮಹತ್ವದ ಮಾತು ಕಾಯದೆಯದು. ತಂದೆತಾಯಿಗಳು ಇದನ್ನು ಎರಡು ಸಲ ಓದಬೇಕು. ನಮ್ಮ ದೇಶದಲ್ಲಿ 1959ರ ಆಯುಧ ಕಾಯದೆಯ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ಇಡುವಂತಿಲ್ಲ. 2019ರ ತಿದ್ದುಪಡಿಯ ಮೇಲೆ ಪರವಾನಗಿಯಿದ್ದವರಿಗೂ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಅಮೆರಿಕೆಯಲ್ಲಿ ಅಂಗಡಿಯಲ್ಲಿ ಸಾಲಾಗಿಟ್ಟು ಮಾರುತ್ತಾರೆ, ಟೆಕ್ಸಸ್ಸಿನಲ್ಲಂತೂ ಕೇಳುವುದೇ ಬೇಡ ಎಂದು ನಮ್ಮವರು ತಿಳಿದಿದ್ದಾರೆ. ಅದು ಅಲ್ಲಿಯ ನಾಗರಿಕರ ಮಾತು. ವಿದ್ಯಾರ್ಥಿ ವೀಸಾ, ಪ್ರವಾಸಿ ವೀಸಾ, ಎಚ್-1ಬಿ ಇಂಥ ತಾತ್ಪೂರ್ತಿಕ ವೀಸಾದ ಮೇಲೆ ಹೋದವರು ಬಂದೂಕು ಕೊಳ್ಳುವುದನ್ನಷ್ಟೇ ಅಲ್ಲ, ಬಂದೂಕನ್ನಾಗಲಿ ಕಾಡತೂಸನ್ನಾಗಲಿ ತಮ್ಮ ಬಳಿ ಇಟ್ಟುಕೊಳ್ಳುವುದನ್ನೂ ಅಲ್ಲಿಯ ಕೇಂದ್ರ ಕಾಯದೆ ನಿಷೇಧಿಸುತ್ತದೆ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹೊಡೆಯುವುದಕ್ಕೂ ಇದೇ ನಿರ್ಬಂಧ. ತಪ್ಪಿದರೆ 15 ವರ್ಷಗಳ ವರೆಗೆ ಸಜೆ ಆಗಬಹುದು. ವೀಸಾ, ನೌಕರಿ, ಮುಂದಿನ ಗ್ರೀನ್ ಕಾರ್ಡಿನ ಆಸೆ ಎಲ್ಲವೂ ಹೋಗುತ್ತವೆ. ಅಂಗಡಿಯವನು ಬಿಟ್ಟರೂ ಕಾಯದೆ ಬಿಡದು.

ಇದಕ್ಕೆ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ಸಾಮಾನ್ಯರು ಹಿಡಿಯುವ ದಾರಿ ಯಾವುದು ಗೊತ್ತೆ? ರಾಜ್ಯ ಸರಕಾರದಿಂದ ಬೇಟೆಯ ಪರವಾನಗಿ ತೆಗೆದುಕೊಳ್ಳುವುದು. ಅದು ಕೈಯಲ್ಲಿದ್ದರೆ ಈ ವೀಸಾದವರೂ ಬಂದೂಕು ಕೊಳ್ಳಬಹುದು. ಸ್ನೇಹಿತರು “ಹಣ ಕಟ್ಟಿ ಚೀಟಿ ತೆಗೆದುಕೋ, ಬೇಟೆಗೆ ಹೋಗಬೇಕೆಂದೇನಿಲ್ಲ” ಎಂದು ಹೇಳಿಕೊಡುತ್ತಾರೆ. ಕಾಯದೆಗೆ ಅದು ಸರಿಯಾದೀತು. ಆದರೆ ಹುಟ್ಟಿದಂದಿನಿಂದ ಸೂರ್ಯಾಸ್ತದ ಮೇಲೆ ಊಟ ಮಾಡದ, ನೀರು ಸೋಸಿ ಕುಡಿಯುವ ಮನೆಯ ಹುಡುಗ, ಜಿಂಕೆ ಹಂದಿಗಳನ್ನು ಕೊಲ್ಲಲು ಸರಕಾರ ಕೊಡುವ ಅನುಮತಿಯ ಮೇಲೆ ತನ್ನ ಹೆಸರು ಬರೆಸಿಕೊಳ್ಳಬೇಕು. ಬರೇ ಕಾಗದಕ್ಕೆ ಹೊಡೆಯುತ್ತೇನೆ ಎಂದವನು ಕಾಗದದ ಮೇಲೆಯೇ ಬೇಟೆಗಾರನಾಗಬೇಕು. “ಹಿಂಸೆ ಎಲ್ಲಿ ಬಂತು” ಎಂಬ ಪ್ರಶ್ನೆಗೆ ಉತ್ತರದ ಮೊದಲ ಪಾಲು ಇಲ್ಲೇ ಇದೆ.

“ಗೆಳೆಯ ಅಲ್ಲಿಯ ನಾಗರಿಕ, ಅವನ ಹೆಸರಲ್ಲಿ ಕೊಂಡರಾಯಿತು” ಎಂಬ ಉಪಾಯವನ್ನು ಯಾರೂ ಹೇಳಬಾರದು, ಕೇಳಲೂಬಾರದು. ಬೇನಾಮಿ ವ್ಯವಹಾರ ಎಷ್ಟು ಮನೆ ಮುಳುಗಿಸಿದೆಯೆಂದು ಪೇಟೆಯವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಇನ್ನೊಬ್ಬನಿಗಾಗಿ ಬಂದೂಕು ಕೊಂಡುಕೊಡುವುದು ದೊಡ್ಡ ಅಪರಾಧ. ಕೊಂಡ ಗೆಳೆಯನೂ ಸಿಕ್ಕಿಬೀಳುತ್ತಾನೆ. ಗ್ರೀನ್ ಕಾರ್ಡ್ ಆದವರಿಗೆ, ನಾಗರಿಕರಾದವರಿಗೆ ಈ ಅಡ್ಡಿಯಿಲ್ಲ. ಆದರೂ 21 ವರ್ಷ ತುಂಬದವರಿಗೆ ಪರವಾನಗಿಯ ಅಂಗಡಿಯವರು ಪಿಸ್ತೂಲು ಮಾರುವಂತಿಲ್ಲ. ಅವರಿಗೂ ಒಂದು ಎಚ್ಚರಿಕೆ: ರೇಂಜಿಗೆ ಒಯ್ಯುವ ಚೀಲವನ್ನು ಎಂದೂ ಊರಿಗೆ ಬರುವಾಗ ತರಬಾರದು. ಚೀಲದ ಮೂಲೆಯಲ್ಲಿ ಮರೆತುಳಿದ ಒಂದು ಜೀವಂತ ಕಾಡತೂಸು ನಮ್ಮ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಆಯುಧ ಕಾಯದೆಯ ಮೊಕದ್ದಮೆ ಬೀಳುತ್ತದೆ. ತಂಗಿಯ ಲಗ್ನಕ್ಕೆ ಬಂದವನು ಠಾಣೆಯಲ್ಲಿ ಕೂಡಬೇಕಾದೀತು.

ಮನೆಯ ಮಾತೂ ಇದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಂದೂಕನ್ನು ಖಾಲಿ ಮಾಡಿ, ಬೀಗದ ಪೆಟ್ಟಿಗೆಯಲ್ಲಿಟ್ಟು, ಕಾಡತೂಸನ್ನು ಬೇರೆ ಕಡೆ ಬೀಗ ಹಾಕಿ ಇಡಬೇಕು. ಒಂದು ದಿನ ಮರೆತರೆ ಮುಗಿಯಿತು. ರೇಂಜಿನಲ್ಲಿ ಕಿವಿಗೆ ರಕ್ಷಣೆ ಬೇಕೇ ಬೇಕು; ಇಷ್ಟು ದೊಡ್ಡದಕ್ಕೆ ಕಿವಿಯೊಳಗೆ ಬಿರಡೆ, ಮೇಲೆ ಮುಚ್ಚಿಗೆ ಎರಡೂ ಇರಬೇಕು. ಒಳಾಂಗಣದ ರೇಂಜಿನಲ್ಲಿ ಸೀಸದ ಧೂಳು ಏಳುವುದರಿಂದ ಕೈ ಮುಖ ತೊಳೆಯದೆ ಏನನ್ನೂ ತಿನ್ನಬಾರದು, ಆ ಬಟ್ಟೆಯಲ್ಲಿ ಕೂಸನ್ನು ಎತ್ತಿಕೊಳ್ಳಬಾರದು.

ಈಗ ಧರ್ಮದ ತಕ್ಕಡಿ. ಜೈನರೆಂದರೆ ಆಯುಧ ಮುಟ್ಟದವರು ಎಂದು ಹೇಳಿಬಿಟ್ಟರೆ ಹುಡುಗ ಚಾವುಂಡರಾಯನ ಹೆಸರು ಹೇಳುತ್ತಾನೆ, ಅದು ಸರಿಯೂ ಹೌದು. ಶ್ರವಣಬೆಳಗೊಳದಲ್ಲಿ ಗೊಮ್ಮಟಸ್ವಾಮಿಯನ್ನು ನಿಲ್ಲಿಸಿದ ಆ ಪುಣ್ಯಾತ್ಮ ಗಂಗರ ಸೇನಾಪತಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನೂ ಜಿನಭಕ್ತನೇ. ನಮ್ಮ ಆಚಾರ್ಯರು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ಮನೆಗೆಲಸದಲ್ಲಿ ಆಗುವ ಆರಂಭೀ, ಹೊಟ್ಟೆಪಾಡಿನ ಉದ್ಯೋಗದಲ್ಲಿ ಆಗುವ ಉದ್ಯೋಗೀ, ರಕ್ಷಣೆಗಾಗಿ ಎದುರಿಸುವಾಗ ಆಗುವ ವಿರೋಧೀ, ಮತ್ತು ಮನಸ್ಸಿಟ್ಟು ಮಾಡುವ ಸಂಕಲ್ಪೀ. ಗೃಹಸ್ಥನಿಗೆ ಮೊದಲ ಮೂರು ಪೂರ್ತಿ ತಪ್ಪುವಂಥವಲ್ಲ; ನಾಲ್ಕನೆಯದನ್ನು ಅವನು ಬಿಡಲೇಬೇಕು. ಗಡಿ ಕಾಯುವ ಜೈನ ಸೈನಿಕನ ಕೈಯ ರೈಫಲಿಗೂ, ಹಿಂದೆ ಕಳ್ಳಕಾಕರ ಭಯಕ್ಕೆ ನಮ್ಮ ಕಡೆಯ ಕೆಲವು ವಾಡೆಗಳಲ್ಲಿ ತೂಗುಹಾಕಿದ್ದ ಜೋಡುನಳಿಗೆಯ ಬಂದೂಕಿಗೂ ಈ ಲೆಕ್ಕದಲ್ಲಿ ಒಂದು ಜಾಗವಿತ್ತು. ಷೋಕಿಯ ಪಿಸ್ತೂಲಿಗೆ ಈ ಮೂರರಲ್ಲಿ ಯಾವುದರಲ್ಲೂ ಜಾಗವಿಲ್ಲ.

ಹಾಗಾದರೆ ನಾಲ್ಕನೆಯದರಲ್ಲಿದೆಯೇ? ಅದು ಹಾಳೆಯ ಮೇಲಿನ ಚಿತ್ರವನ್ನೂ ಹೊಡೆಯುವವನ ಭಾವವನ್ನೂ ಅವಲಂಬಿಸಿದೆ. ವರ್ತುಲಗಳ ಗುರಿಗೆ ಹೊಡೆಯುವವನಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಅದನ್ನು ಹಿಂಸೆಯೆಂದು ನಾವು ಹೇಳಲಾರೆವು. ಆದರೆ ದೊಡ್ಡ ಮ್ಯಾಗ್ನಂ ಕೈಬಂದೂಕುಗಳಿಂದ ಆಡುವ ಒಂದು ಹೆಸರಾದ ಪಂದ್ಯ ಅಮೆರಿಕೆಯಲ್ಲಿದೆ. ಅದರಲ್ಲಿ ಉಕ್ಕಿನ ತಗಡಿನಿಂದ ಪ್ರಾಣಿಗಳ ಆಕಾರ ಕತ್ತರಿಸಿ ನಿಲ್ಲಿಸುತ್ತಾರೆ: 50 ಮೀಟರಿನಲ್ಲಿ ಕೋಳಿ, 100ರಲ್ಲಿ ಹಂದಿ, 150ರಲ್ಲಿ ಟರ್ಕಿ ಕೋಳಿ, 200ರಲ್ಲಿ ಟಗರು. ಗುಂಡು ತಗುಲಿ ಅವು ಉರುಳಿಬಿದ್ದರೆ ಅಂಕ. ಇನ್ನು ಕೆಲವು ರೇಂಜುಗಳಲ್ಲಿ ಮನುಷ್ಯನ ಆಕಾರದ ಹಾಳೆಯನ್ನೇ ತೂಗುಹಾಕುತ್ತಾರೆ. ಜೀವ ಇಲ್ಲ ನಿಜ, ಆದರೆ ಕಣ್ಣು ಅಲ್ಲಿ ಜೀವವನ್ನೇ ಕಾಣುತ್ತದೆ.

ಇದನ್ನು ಓದಿದಾಗ ಜನ್ನ ಕವಿಯ ಯಶೋಧರ ಚರಿತೆ ನೆನಪಾಗದ ಜೈನನಿಲ್ಲ. ಯಶೋಧರ ರಾಜನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವವಧೆ ಬೇಡವೆಂದು ಹಿಟ್ಟಿನ ಕೋಳಿ ಮಾಡಿಸಿ ದೇವಿಗೆ ಬಲಿ ಕೊಟ್ಟನು. ಒಂದು ಹನಿ ರಕ್ತ ಬೀಳಲಿಲ್ಲವೆಂದು ಅವನೂ ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ಕತ್ತಿ ಎತ್ತಿದ ಕೈಯ ಹಿಂದೆ ಕೊಲ್ಲುವ ಸಂಕಲ್ಪವಿತ್ತು. ಆ ಒಂದು ಹಿಟ್ಟಿನ ಕೋಳಿಗಾಗಿ ತಾಯಿ-ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ಹುಟ್ಟಿ ಹುಟ್ಟಿ ಸತ್ತರು. ಸುಮಾರು 800 ವರ್ಷಗಳ ಹಿಂದೆ ಕನ್ನಡದಲ್ಲಿ ಬರೆದ ಕಥೆ. ಹಿಟ್ಟಿನ ಕೋಳಿಗೂ ತಗಡಿನ ಕೋಳಿಗೂ ಎಷ್ಟು ಅಂತರವೆಂದು ಹುಡುಗ ತಾನೇ ಹೇಳಲಿ.

ಇನ್ನೊಂದು ವ್ರತ ನಮ್ಮಲ್ಲಿದೆ, ಅನರ್ಥದಂಡ ವಿರತಿ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪದಿಂದ ದೂರವಿರುವುದು ಇದರ ತಾತ್ಪರ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಂಥ ಪಾಪಗಳನ್ನು ಐದು ಬಗೆಯಾಗಿ ಎಣಿಸಿದ್ದಾರೆ. ಕೊಡಲಿ, ಖಡ್ಗ, ಆಯುಧ ಮುಂತಾದ ವಧೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವ ಹಿಂಸಾದಾನ ಅವುಗಳಲ್ಲೊಂದು. ಮನೆಯಲ್ಲಿ ಬಂದೂಕಿದ್ದವನು ಒಂದಿಲ್ಲೊಂದು ದಿನ ಗೆಳೆಯನ ಕೈಗೆ ಕೊಡುತ್ತಾನೆ. ಬೇಸತ್ತ ದಿನ ಯಾರಿಗೋ ಮಾರುತ್ತಾನೆ. ಅದು ಮುಂದೆ ಏನು ಮಾಡಿತೆಂಬ ಲೆಕ್ಕ ಅವನ ಕಿರ್ದಿಯಲ್ಲಿ ಇರುವುದಿಲ್ಲ. ಇದರ ಜೊತೆಗೆ ಪರಿಗ್ರಹ ಪರಿಮಾಣವನ್ನೂ ಇಟ್ಟು ನೋಡಬೇಕು. ಹಣವಿದೆ, ಪೇಟೆಯಲ್ಲಿ ಸಿಗುತ್ತದೆ, ಎಲ್ಲರೂ ಕೊಳ್ಳುತ್ತಾರೆ ಎಂಬುದು ಕೊಳ್ಳಲು ಕಾರಣವಲ್ಲ. ಏತಕ್ಕೆ ಬೇಕು ಎಂಬುದೊಂದೇ ಕಾರಣ. ಗುರಿಯ ಆಟಕ್ಕೆ ಇಷ್ಟು ದೊಡ್ಡದು ಬೇಡವೆಂದು ಮೇಲಿನ ಲೆಕ್ಕವೇ ಹೇಳಿತು. ಉಳಿದದ್ದು ದೊಡ್ಡದು ಕೈಯಲ್ಲಿದೆ ಎಂಬ ಹೆಮ್ಮೆ ಮಾತ್ರ. ಅದಕ್ಕೆ ಶಾಸ್ತ್ರದಲ್ಲಿ ಮಾನಕಷಾಯ ಎಂಬ ಹೆಸರಿದೆ. ಭರತ ಬಾಹುಬಲಿಯರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಸೈನಿಕರ ರಕ್ತ ಹರಿಸದೆ ಬಲ ಅಳೆದುಕೊಂಡರು. ಸ್ಪರ್ಧೆ ನಮಗೆ ನಿಷಿದ್ಧವಲ್ಲ. ಆ ಸ್ಪರ್ಧೆ ಕೆಟ್ಟದ್ದು ಸೋತವನ ಮಾನ ಚಕ್ರರತ್ನವನ್ನು ಕೈಗೆತ್ತಿಕೊಂಡಾಗ.

ಹೀಗಾಗಿ ನಮ್ಮ ಸಲಹೆ ಇಷ್ಟು. ಈ ಪಿಸ್ತೂಲನ್ನು ಕೊಳ್ಳುವುದು ಬೇಡ. ಎಚ್-1ಬಿ ಇರುವ ತನಕ ಯಾವ ಬಂದೂಕನ್ನೂ ಕೊಳ್ಳುವುದು, ಬಾಡಿಗೆ ಪಡೆಯುವುದು ಬೇಡ. ಅದಕ್ಕಾಗಿ ಬೇಟೆಯ ಚೀಟಿ ತೆಗೆಯುವುದಂತೂ ಬೇಡವೇ ಬೇಡ. ಗುರಿಯ ಆಟದ ಆಸೆ ನಿಜವಾದದ್ದಾಗಿದ್ದರೆ ಅದನ್ನು ಚಿವುಟಬೇಕಾಗಿಲ್ಲ, ಏರ್ ಪಿಸ್ತೂಲು ಕಲಿಯಲಿ. ಗಾಳಿಯ ಒತ್ತಡದಿಂದ ಹಾರುವ ಅದನ್ನು ಅಮೆರಿಕೆಯ ಕೇಂದ್ರ ಕಾಯದೆ ಬಂದೂಕೆಂದು ಎಣಿಸುವುದಿಲ್ಲ. ಕೆಲವು ರಾಜ್ಯಗಳಲ್ಲಿ ಬೇರೆ ನಿಯಮಗಳಿರುವುದರಿಂದ ತನ್ನ ಊರಿನದನ್ನು ವಿಚಾರಿಸಿಕೊಳ್ಳಲಿ. ಐನೂರು ಗುಳಿಗೆಗಳ ಡಬ್ಬಿ ಹತ್ತಿಪ್ಪತ್ತು ಡಾಲರಿಗೆ ಬರುತ್ತದೆ. ಒಲಿಂಪಿಕ್ಸಿನ ಪದಕಗಳು ಅದರಲ್ಲೇ ಇವೆ. ಆಗಲೂ ಕಣ್ಣು-ಕಿವಿಯ ಜಾಗ್ರತೆ, ಬೀಗದ ಶಿಸ್ತು ಬಿಡಬಾರದು, ಗುರಿ ಯಾವಾಗಲೂ ವರ್ತುಲದ್ದೇ ಇರಬೇಕು.

ತಂದೆಯವರಿಗೆ ಒಂದು ಮಾತು: ಇದನ್ನು ಆಜ್ಞೆಯಾಗಿ ಹೇಳಬೇಡಿರಿ. ಹುಡುಗ ಕದ್ದು ಕೊಳ್ಳದೆ ನಿಮ್ಮನ್ನು ಕೇಳಿದ್ದಾನೆ, ಅದೇ ದೊಡ್ಡ ಗುಣ. ಈ ಪುಟವನ್ನು ಅವನಿಗೆ ಕಳಿಸಿ, ಲೆಕ್ಕ ಅವನೇ ಹಾಕಲಿ. “ತಮ್ಮಾ, ಹನ್ನೊಂದೂವರೆ ಮಿಲಿಮೀಟರಿನ ವರ್ತುಲಕ್ಕೆ ಹತ್ತಕ್ಕೆ ಹತ್ತು ಸಲ ಹೊಡೆದು ತೋರಿಸು, ಆಮೇಲೆ ದೊಡ್ಡದರ ಮಾತು ಆಡೋಣ” ಎಂದು ಹೇಳಿರಿ. ಅಷ್ಟು ಕಲಿಯುವ ಹೊತ್ತಿಗೆ ದೊಡ್ಡದು ಬೇಕೆನ್ನಿಸಲಿಕ್ಕಿಲ್ಲ.